ಮಾರುವ ಮುನ್ನ: ತೆರಿಗೆಯ ಹೊರೆ ಹೆಚ್ಚಿಸಿಕೊಳ್ಳದೆ ಹೂಡಿಕೆಯ ಹಂಚಿಕೆಯನ್ನು ಸರಿದೂಗಿಸುವ ಬಗೆ

2020ರ ಜನವರಿಯಲ್ಲಿ ಸೆನ್ಸೆಕ್ಸ್ 42,000ದ ಗಡಿ ದಾಟಿತ್ತು. ಒಟ್ಟು ಉಳಿತಾಯದಲ್ಲಿ ಷೇರಿನ ಪಾಲು ಇಷ್ಟೇ ಇರಲಿ ಎಂದು ಲೆಕ್ಕ ಹಾಕಿ ಹೂಡಿಕೆ ಆರಂಭಿಸಿದ್ದವರಲ್ಲಿಯೂ ಆ ಪಾಲು ಹೇಳದೆ ಕೇಳದೆ ಬೆಳೆದಿತ್ತು. ಸ್ವಲ್ಪ ಮಾರಿ ಸರಿಪಡಿಸಿಕೊಳ್ಳಿ ಎಂದು ಪರಿಚಿತರಿಗೆ ಹೇಳಿದಾಗಲೆಲ್ಲ ನನಗೆ ಸಿಗುತ್ತಿದ್ದ ಉತ್ತರ ಒಂದೇ: ‘ಮಾರಿದರೆ ಸುಮ್ಮನೆ ತೆರಿಗೆ ಕಟ್ಟಬೇಕಲ್ಲ.’ ಆ ವರ್ಷದ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನದಲ್ಲಿ 3,935 ಅಂಶ, ಅಂದರೆ ಶೇ 13ಕ್ಕೂ ಹೆಚ್ಚು ಕುಸಿದು 26,000ಕ್ಕಿಂತ ಕೆಳಗೆ ಬಂದು ನಿಂತಿತು. ಕಟ್ಟಲು ಹಿಂಜರಿದಿದ್ದ ತೆರಿಗೆಯ ಮೊತ್ತ ಆ ಕುಸಿತದ ಎದುರು ತೀರ ಚಿಕ್ಕದಾಗಿತ್ತು.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ವರ್ಷಕ್ಕೊಮ್ಮೆ ಶಿಸ್ತಿನಿಂದ ಹಂಚಿಕೆ ಸರಿಪಡಿಸುವವರು ಯಾವ ಯೂನಿಟ್ (ಫಂಡಿನ ಪಾಲು) ಯಾವಾಗ ಕೊಂಡದ್ದು, ಅದರ ಮೇಲೆ ಯಾವ ದರದ ತೆರಿಗೆ ಬೀಳುತ್ತದೆ ಎಂಬುದನ್ನು ನೋಡದೆ ಮಾರಿಬಿಡುತ್ತಾರೆ. ನಾನು ಈ ತಪ್ಪನ್ನು ಮಾಡಿದ್ದೇನೆ. ಒಂದು ಮ್ಯೂಚುವಲ್ ಫಂಡಿನ ರೆಗ್ಯುಲರ್ (ಮಧ್ಯವರ್ತಿಯ ಮೂಲಕ ಕೊಳ್ಳುವ) ಯೋಜನೆಯಿಂದ ಅದೇ ಫಂಡಿನ ಡೈರೆಕ್ಟ್ (ನೇರವಾಗಿ ಕೊಳ್ಳುವ) ಯೋಜನೆಗೆ ಹಣವನ್ನೆಲ್ಲ ಒಂದೇ ಸಲ ಸ್ವಿಚ್ ಮಾಡಿದಾಗ, ಅದು ಬರೀ ಹೆಸರಿನ ಬದಲಾವಣೆ ಎಂದುಕೊಂಡಿದ್ದೆ. ಕಾನೂನಿನ ಕಣ್ಣಿನಲ್ಲಿ ಅದು ಪೂರ್ತಿ ಮಾರಾಟ ಮತ್ತು ಹೊಸ ಖರೀದಿ. ಕೊನೆಯ ಹನ್ನೆರಡು ತಿಂಗಳ ಎಸ್‌ಐಪಿ (ತಿಂಗಳ ಹೂಡಿಕೆ) ಕಂತುಗಳಿಗೆ ಶೇ 1ರ ಎಕ್ಸಿಟ್ ಲೋಡ್ (ಬೇಗ ಹಣ ತೆಗೆದರೆ ಫಂಡ್ ಹಿಡಿದುಕೊಳ್ಳುವ ಶುಲ್ಕ) ಹೋಯಿತು, ಅವುಗಳ ಲಾಭಕ್ಕೆ ಅಲ್ಪಾವಧಿ ತೆರಿಗೆಯೂ ಬಿತ್ತು. ಆ ಕಂತುಗಳನ್ನು ಒಂದು ವರ್ಷ ಹಾಗೆಯೇ ಬಿಟ್ಟಿದ್ದರೆ ಎಕ್ಸಿಟ್ ಲೋಡ್ ಪೂರ್ತಿ ಉಳಿಯುತ್ತಿತ್ತು, ತೆರಿಗೆಯ ದರವೂ ಇಳಿಯುತ್ತಿತ್ತು.

ಈ ಎರಡು ತಪ್ಪುಗಳ ನಡುವಿನ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುವುದು ಈ ಲೇಖನದ ಉದ್ದೇಶ. ಇಲ್ಲಿರುವ ನಿಯಮಗಳು ಭಾರತದಲ್ಲಿ ನೆಲೆಸಿರುವ ವ್ಯಕ್ತಿಗಳಿಗೆ ಅನ್ವಯಿಸುತ್ತವೆ. ಬಂಡವಾಳ ಲಾಭದ, ಅಂದರೆ ಹೂಡಿಕೆ ಮಾರಿದಾಗ ಬರುವ ಲಾಭದ, ತೆರಿಗೆ ದರಗಳು 2024ರ ಜುಲೈ 23ರ ಬಜೆಟ್ಟಿನಲ್ಲಿ ನಿಗದಿಯಾದವು. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನಕ್ಕೆ 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದಿರುವುದರಿಂದ ಕಲಂಗಳ ಸಂಖ್ಯೆ ಬದಲಾಗಿದೆ. ಆದ್ದರಿಂದ ಇಲ್ಲಿ ಕಲಂಗಳನ್ನು ಹೆಸರಿಸಿಲ್ಲ.

ಮೊದಲ ಹೆಜ್ಜೆ: ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಯುವುದು

ಗಂಡ ಹೆಂಡತಿ ಇಬ್ಬರ ಮ್ಯೂಚುವಲ್ ಫಂಡ್, ಡಿಮ್ಯಾಟ್ ಖಾತೆಯ ಷೇರು, ನೌಕರರ ಭವಿಷ್ಯ ನಿಧಿ, ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ), ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ), ಬ್ಯಾಂಕಿನ ನಿಶ್ಚಿತ ಠೇವಣಿ, ಚಿನ್ನದ ಬಾಂಡ್, ಚಿನ್ನದ ಇಟಿಎಫ್ (ಷೇರುಪೇಟೆಯಲ್ಲಿ ಕೊಳ್ಳಬಹುದಾದ ಚಿನ್ನದ ಫಂಡ್) ಎಲ್ಲವನ್ನೂ ಇಂದಿನ ಬೆಲೆಯಲ್ಲಿ ಒಂದೆಡೆ ಬರೆಯಬೇಕು. ವಾಸದ ಮನೆಯನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಮೈಮೇಲಿನ ಒಡವೆಯನ್ನೂ ಸೇರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದರೆ ಚಿನ್ನದ ಪಾಲು ಹೆಚ್ಚಾಯಿತೆಂದು ಯಾರೂ ತಾಳಿ ಸರವನ್ನು ಮಾರುವುದಿಲ್ಲ, ಮಾರಲಾಗದ ವಸ್ತುವನ್ನು ಲೆಕ್ಕಕ್ಕೆ ಹಿಡಿದರೆ ಉಳಿದ ಶೇಕಡಾವಾರು ಅಂಕಿಗಳು ದಾರಿ ತಪ್ಪಿಸುತ್ತವೆ. ಭವಿಷ್ಯ ನಿಧಿಯನ್ನು ಮಾತ್ರ ಮರೆಯದೆ ಸೇರಿಸಬೇಕು. ಸಂಬಳದಾರರಲ್ಲಿ ಹಲವರು ಅದನ್ನು ಬಿಟ್ಟು ಲೆಕ್ಕ ಹಾಕಿ, ಸಾಲಪತ್ರದ (ಬಡ್ಡಿ ತರುವ ಹೂಡಿಕೆಗಳ) ಪಾಲು ಕಡಿಮೆಯಾಗಿದೆ ಎಂದು ತಪ್ಪಾಗಿ ತಿಳಿಯುತ್ತಾರೆ.

ಪ್ರತಿ ಹೂಡಿಕೆಯ ಎದುರು ಇಂದಿನ ಬೆಲೆಯ ಜೊತೆಗೆ ಕೊಂಡ ಬೆಲೆ ಮತ್ತು ಕೊಂಡ ದಿನಾಂಕ ಇರಬೇಕು. ಮ್ಯೂಚುವಲ್ ಫಂಡುಗಳಿಗೆ, ಅವುಗಳ ದಾಖಲೆ ಇಡುವ ಕ್ಯಾಮ್ಸ್ ಮತ್ತು ಕೆಫಿನ್‌ಟೆಕ್ ಸಂಸ್ಥೆಗಳ ತಾಣದಲ್ಲಿ ಪ್ಯಾನ್ ಸಂಖ್ಯೆ ಕೊಟ್ಟರೆ ಎಲ್ಲ ಫೋಲಿಯೊಗಳ (ಫಂಡ್ ಖಾತೆಗಳ) ಒಟ್ಟು ಹೇಳಿಕೆ ಮಿಂಚಂಚೆಗೆ ಬರುತ್ತದೆ. ಹಂಚಿಕೆ ಸರಿಪಡಿಸಲು ಇಂದಿನ ಬೆಲೆಯೊಂದೇ ಸಾಕು, ಆದರೆ ತೆರಿಗೆ ಉಳಿಸಲು ಉಳಿದ ಎರಡು ಕಾಲಂಗಳೇ ಮುಖ್ಯ.

ಎರಡನೆಯ ಹೆಜ್ಜೆ: ನಿಜಕ್ಕೂ ಸರಿಪಡಿಸುವ ಅಗತ್ಯವಿದೆಯೇ ಎಂದು ನೋಡುವುದು

ಷೇರಿನ ಪಾಲಿನ ಗುರಿ ಶೇ 60 ಆಗಿರುವಾಗ ಶೇ 62 ಆಗಿದ್ದರೆ ಕೈ ಹಾಕುವ ಅಗತ್ಯವಿಲ್ಲ. ಯಾವುದೇ ದೊಡ್ಡ ವರ್ಗ ಗುರಿಯಿಂದ ಐದು ಶೇಕಡಾ ಅಂಶಕ್ಕಿಂತ ಹೆಚ್ಚು ಸರಿದಾಗ ಮಾತ್ರ ಮುಂದುವರಿಯುವುದು ಎಂಬ ನಿಯಮ ಇಟ್ಟುಕೊಂಡರೆ ಅನಗತ್ಯ ಮಾರಾಟ ತಪ್ಪುತ್ತದೆ, ತೆರಿಗೆಯೂ ಮುಂದೆ ಹೋಗುತ್ತದೆ. ವರ್ಷಕ್ಕೆ ಎರಡು ಸಲ ನೋಡಿದರೆ ಸಾಕು. ನಮ್ಮ ಮನೆಯಲ್ಲಿ ದೀಪಾವಳಿಗೊಮ್ಮೆ, ಯುಗಾದಿಯ ಆಸುಪಾಸಿನಲ್ಲೊಮ್ಮೆ ನೋಡುವ ರೂಢಿಯಿದೆ. ಯುಗಾದಿ ಬರುವುದು ಹಣಕಾಸು ವರ್ಷ ಮುಗಿದು ಹೊಸದು ಶುರುವಾಗುವ ಸಮಯದಲ್ಲಿ. ಇದರ ಪ್ರಯೋಜನ ಮುಂದೆ ತಿಳಿಯುತ್ತದೆ.

ಮೂರನೆಯ ಹೆಜ್ಜೆ: ಯಾವುದಕ್ಕೆ ಎಷ್ಟು ತೆರಿಗೆ ಎಂಬುದನ್ನು ಎದುರಿಗೆ ಇಟ್ಟುಕೊಳ್ಳುವುದು

ಷೇರುಪೇಟೆಯಲ್ಲಿ ನೋಂದಾಯಿತವಾದ ಷೇರು ಮತ್ತು ಷೇರುಗಳಲ್ಲಿ ಹೂಡುವ ಈಕ್ವಿಟಿ ಫಂಡುಗಳನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ ಲಾಭ ದೀರ್ಘಾವಧಿಯದು. ಒಂದು ಹಣಕಾಸು ವರ್ಷದಲ್ಲಿ ಇಂಥ ಲಾಭದ ಮೊದಲ 1.25 ಲಕ್ಷ ರೂಪಾಯಿಗೆ ತೆರಿಗೆಯಿಲ್ಲ, ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇ 12.5. ಹನ್ನೆರಡು ತಿಂಗಳೊಳಗೆ ಮಾರಿದರೆ ಮೊದಲ ರೂಪಾಯಿಯಿಂದಲೇ ಶೇ 20. ಎರಡರಲ್ಲೂ ತೆರಿಗೆಯ ಮೊತ್ತದ ಮೇಲೆ ಶೇ 4ರ ಸೆಸ್ ಸೇರುತ್ತದೆ. 2018ರ ಜನವರಿ 31ರಂದು ಅಥವಾ ಅದಕ್ಕೂ ಮೊದಲು ಕೊಂಡ ಷೇರು ಅಥವಾ ಈಕ್ವಿಟಿ ಯೂನಿಟ್ ಇನ್ನೂ ಕೈಯಲ್ಲಿದ್ದರೆ, ಆ ದಿನದವರೆಗಿನ ಏರಿಕೆಗೆ ತೆರಿಗೆ ಬೀಳದಂತೆ ಕೊಂಡ ಬೆಲೆಯನ್ನು ಮೇಲೇರಿಸಿಕೊಳ್ಳಲು ಅವಕಾಶವಿದೆ. ಹಳೆಯ ಷೇರಿನ ಲಾಭ ಭಯಪಡುವಷ್ಟು ದೊಡ್ಡದಲ್ಲ ಎಂಬುದು ಈ ಲೆಕ್ಕ ಹಾಕಿದ ಮೇಲೆ ಎಷ್ಟೋ ಸಲ ತಿಳಿಯುತ್ತದೆ.

ಸಾಲಪತ್ರಗಳಲ್ಲಿ ಹೂಡುವ ಡೆಟ್ ಫಂಡುಗಳ ಕಥೆ ಬೇರೆ. 2023ರ ಏಪ್ರಿಲ್ 1 ಮತ್ತು ಅದರ ನಂತರ ಕೊಂಡವುಗಳ ಲಾಭ, ಎಷ್ಟು ವರ್ಷ ಇಟ್ಟುಕೊಂಡರೂ, ನಿಮ್ಮ ಇತರ ಆದಾಯಕ್ಕೆ ಸೇರಿ ಅದೇ ದರದಲ್ಲಿ ತೆರಿಗೆಗೆ ಒಳಪಡುತ್ತದೆ. ಅದಕ್ಕೂ ಮೊದಲು ಕೊಂಡು 24 ತಿಂಗಳು ದಾಟಿಸಿದವುಗಳಿಗೆ ಶೇ 12.5 ಸಾಕು, ಹಾಗಾಗಿ ಹಳೆಯ ಡೆಟ್ ಯೂನಿಟ್‌ಗಳು ಇಂದು ಬೆಲೆಬಾಳುವ ವಸ್ತುಗಳು, ಅವಸರದಲ್ಲಿ ಅವುಗಳನ್ನು ಹೊಸದಕ್ಕೆ ಬದಲಾಯಿಸಬಾರದು. ಚಿನ್ನದ ಇಟಿಎಫ್ 12 ತಿಂಗಳು ದಾಟಿದರೆ, ಗಟ್ಟಿ ಚಿನ್ನ 24 ತಿಂಗಳು ದಾಟಿದರೆ ಶೇ 12.5. ಈಕ್ವಿಟಿಗೆ ಇರುವ 1.25 ಲಕ್ಷದ ವಿನಾಯಿತಿ ಚಿನ್ನಕ್ಕಿಲ್ಲ. ರಿಸರ್ವ್ ಬ್ಯಾಂಕಿನಿಂದ ಮೊದಲ ವಿತರಣೆಯಲ್ಲೇ ಕೊಂಡ ಚಿನ್ನದ ಬಾಂಡನ್ನು ಎಂಟು ವರ್ಷದ ಅವಧಿ ಮುಗಿಯುವವರೆಗೆ ಇಟ್ಟುಕೊಂಡರೆ ಬೆಲೆ ಏರಿಕೆಯ ಲಾಭಕ್ಕೆ ತೆರಿಗೆಯೇ ಇಲ್ಲ, ಆದ್ದರಿಂದ ಹಂಚಿಕೆ ಸರಿಪಡಿಸಲು ಮಾರಬೇಕಾದವುಗಳ ಪಟ್ಟಿಯಲ್ಲಿ ಅದು ಕೊನೆಯದಾಗಿರಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲವಾದ್ದರಿಂದ ಷೇರಿನ ಲಾಭಕ್ಕೂ ಇಲ್ಲ ಎಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. ಆ ರಿಯಾಯಿತಿ ಸಂಬಳ, ಬಡ್ಡಿಯಂಥ ಸಾಮಾನ್ಯ ದರದ ಆದಾಯಕ್ಕೆ ಸಲ್ಲುತ್ತದೆ. ವಿಶೇಷ ದರದ ಬಂಡವಾಳ ಲಾಭಕ್ಕೆ ಸಲ್ಲುವುದಿಲ್ಲ. ಆದರೆ ಭಾರತದ ನಿವಾಸಿಗಳು 4 ಲಕ್ಷದ ಮೂಲ ವಿನಾಯಿತಿಯಲ್ಲಿ (ತೆರಿಗೆಯ ದರವೇ ಅನ್ವಯಿಸದ ಮೊದಲ 4 ಲಕ್ಷ ಆದಾಯದಲ್ಲಿ) ಬಳಕೆಯಾಗದೆ ಉಳಿದ ಭಾಗವನ್ನು ಬಂಡವಾಳ ಲಾಭದ ಎದುರು ಬಳಸಬಹುದು. ಇತರ ಆದಾಯ 2.5 ಲಕ್ಷ ಮಾತ್ರ ಇರುವ ನಿವೃತ್ತರೊಬ್ಬರು ಈ ಉಳಿದ 1.5 ಲಕ್ಷ ಮತ್ತು ಈಕ್ವಿಟಿಯ 1.25 ಲಕ್ಷ ಸೇರಿಸಿ, ವರ್ಷಕ್ಕೆ 2.75 ಲಕ್ಷದವರೆಗಿನ ದೀರ್ಘಾವಧಿ ಈಕ್ವಿಟಿ ಲಾಭವನ್ನು ತೆರಿಗೆ ಇಲ್ಲದೆ ಪಡೆಯಬಹುದು.

ನಾಲ್ಕನೆಯ ಹೆಜ್ಜೆ: ಸರಿಯಾದ ಕ್ರಮದಲ್ಲಿ ಕೈ ಹಾಕುವುದು

ಇಡೀ ಕೆಲಸದ ತಿರುಳು ಇಲ್ಲಿದೆ. ಮೊದಲು ತೆರಿಗೆಯೇ ಬೀಳದ ಖಾತೆಗಳೊಳಗೆ ಬದಲಾವಣೆ ಮಾಡಬೇಕು, ಅನಂತರ ಹೊಸ ಹಣದ ದಿಕ್ಕು ಬದಲಿಸಬೇಕು, ಮಾರಾಟಕ್ಕೆ ಬರುವುದು ಕೊನೆಗೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ.

ಹುಬ್ಬಳ್ಳಿಯ ಖಾಸಗಿ ಕಾಲೇಜಿನ ಉಪನ್ಯಾಸಕಿಯೊಬ್ಬರು, ವಯಸ್ಸು 48, ಎಂದು ಇಟ್ಟುಕೊಳ್ಳಿ. ಅವರ ಗುರಿ ಷೇರು ಶೇ 60, ಸಾಲಪತ್ರ ಶೇ 30, ಚಿನ್ನ ಶೇ 10. ಇಂದು ಒಟ್ಟು 60 ಲಕ್ಷದಲ್ಲಿ ಷೇರು 42 ಲಕ್ಷ, ಸಾಲಪತ್ರ 13.2 ಲಕ್ಷ, ಚಿನ್ನ 4.8 ಲಕ್ಷ, ಅಂದರೆ ಶೇ 70, 22, 8. ಗುರಿಗೆ ಬರಲು ಷೇರಿನಿಂದ 6 ಲಕ್ಷ ಹೊರಬರಬೇಕು, ಅದರಲ್ಲಿ 4.8 ಲಕ್ಷ ಸಾಲಪತ್ರಕ್ಕೆ, 1.2 ಲಕ್ಷ ಚಿನ್ನಕ್ಕೆ ಹೋಗಬೇಕು. ಅವರ ಈಕ್ವಿಟಿ ಫಂಡಿನ ಹಳೆಯ ಯೂನಿಟ್‌ಗಳಲ್ಲಿ ಪ್ರತಿ 100 ರೂಪಾಯಿಯಲ್ಲಿ 40 ರೂಪಾಯಿ ಲಾಭ. ಯೋಚಿಸದೆ ಒಂದೇ ದಿನ 6 ಲಕ್ಷ ಮಾರಿದರೆ ಲಾಭ 2.4 ಲಕ್ಷ, ವಿನಾಯಿತಿ ಕಳೆದು ಉಳಿದ 1.15 ಲಕ್ಷಕ್ಕೆ ಶೇ 12.5ರಂತೆ 14,375 ರೂಪಾಯಿ, ಸೆಸ್ ಸೇರಿ 14,950 ರೂಪಾಯಿ ತೆರಿಗೆ.

ಆದರೆ ಆ 42 ಲಕ್ಷದಲ್ಲಿ 9 ಲಕ್ಷ ಅವರ ಎನ್‌ಪಿಎಸ್ ಖಾತೆಯೊಳಗೆ ಇದೆ. ಅಲ್ಲಿ ಒಟ್ಟು 12 ಲಕ್ಷವಿದ್ದು, ಶೇ 75 ಷೇರಿನ ‘ಇ’ ವರ್ಗದಲ್ಲಿದೆ, ಉಳಿದದ್ದು ಸರ್ಕಾರಿ ಸಾಲಪತ್ರದ ‘ಜಿ’ ವರ್ಗದಲ್ಲಿದೆ. ಎನ್‌ಪಿಎಸ್ ಒಳಗೆ ಒಂದು ವರ್ಗದಿಂದ ಇನ್ನೊಂದಕ್ಕೆ ಹಣ ಸರಿಸಿದರೆ ತೆರಿಗೆಯಿಲ್ಲ, ಎಕ್ಸಿಟ್ ಲೋಡೂ ಇಲ್ಲ. ವರ್ಷಕ್ಕೆ ನಾಲ್ಕು ಸಲ ಹಂಚಿಕೆ ಬದಲಿಸಬಹುದು. ಅವರು ‘ಇ’ ಪಾಲನ್ನು ಶೇ 50ಕ್ಕೆ ಇಳಿಸಿದರೆ 3 ಲಕ್ಷ ಅಲ್ಲಿಯೇ ಸಾಲಪತ್ರಕ್ಕೆ ಸರಿಯುತ್ತದೆ. ಹೊರಗೆ ಮಾರಬೇಕಾದದ್ದು ಉಳಿದ 3 ಲಕ್ಷ ಮಾತ್ರ, ಅದರ ಲಾಭ 1.2 ಲಕ್ಷ, ಅದು 1.25 ಲಕ್ಷದ ಮಿತಿಯೊಳಗೇ ಇದೆ. ಬಂದ ಹಣದಲ್ಲಿ 1.8 ಲಕ್ಷ ಸಾಲಪತ್ರಕ್ಕೆ, 1.2 ಲಕ್ಷ ಚಿನ್ನಕ್ಕೆ ಹೋದರೆ ಹಂಚಿಕೆ ಗುರಿಗೆ ಸರಿಯಾಗಿ ಬಂದು ಕೂರುತ್ತದೆ. ಆ ವರ್ಷ ಬೇರೆ ಈಕ್ವಿಟಿ ಲಾಭ ತೆಗೆದಿಲ್ಲವಾದರೆ ತೆರಿಗೆ ಸೊನ್ನೆ.

ಎನ್‌ಪಿಎಸ್ ಇಲ್ಲದವರು ಏನು ಮಾಡಬೇಕು? ಇಲ್ಲಿ ಯುಗಾದಿಯ ಸಮಯ ನೆರವಿಗೆ ಬರುತ್ತದೆ. ಮಾರ್ಚ್ ಕೊನೆಯ ವಾರ 3 ಲಕ್ಷ, ಏಪ್ರಿಲ್ ಮೊದಲ ವಾರ 3 ಲಕ್ಷ ಮಾರಿದರೆ 2.4 ಲಕ್ಷದ ಲಾಭ ಎರಡು ಹಣಕಾಸು ವರ್ಷಗಳಿಗೆ 1.2 ಲಕ್ಷದಂತೆ ಹಂಚಿಹೋಗುತ್ತದೆ. ಎರಡು ವಾರದ ಅಂತರದಲ್ಲಿ ಕೆಲಸ ಮುಗಿಯುತ್ತದೆ, ತೆರಿಗೆ ಬೀಳುವುದಿಲ್ಲ. ಹೊಸ ವರ್ಷದ ವಿನಾಯಿತಿ ಬಹುತೇಕ ಏಪ್ರಿಲ್ಲಿನಲ್ಲೇ ಖರ್ಚಾಗಿದೆ ಎಂಬುದನ್ನು ಮಾತ್ರ ನೆನಪಿಟ್ಟುಕೊಳ್ಳಬೇಕು. ಮಾರ್ಚ್ 31ರವರೆಗೆ ಕಾಯುವುದು ಬೇಡ; ರಜೆ, ತಾಂತ್ರಿಕ ಅಡಚಣೆ ಎದುರಾದರೆ ಮಾರಾಟ ಮುಂದಿನ ವರ್ಷಕ್ಕೆ ಜಾರುತ್ತದೆ.

ಹೊಸ ಹಣದಿಂದ ಸರಿಪಡಿಸುವ ದಾರಿ ಅತ್ಯಂತ ಸುಲಭವಾಗಿ ಕಾಣುತ್ತದೆ. ಈಕ್ವಿಟಿಯ ಎಸ್‌ಐಪಿಯನ್ನು ಕೆಲಕಾಲ ನಿಲ್ಲಿಸಿ ಅದೇ ಮೊತ್ತವನ್ನು ಪಿಪಿಎಫ್‌ಗೆ ಅಥವಾ ಡೆಟ್ ಫಂಡಿಗೆ ಹಾಕಿದರೆ ಮಾರುವ ಪ್ರಶ್ನೆಯೇ ಇಲ್ಲ. ಆದರೆ ಇದರ ವೇಗ ಎಷ್ಟು ಕಡಿಮೆ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಮೇಲಿನ ಉದಾಹರಣೆಯಲ್ಲಿ 42 ಲಕ್ಷದ ಷೇರು ಶೇ 60 ಆಗಬೇಕಾದರೆ ಒಟ್ಟು ಮೊತ್ತ 70 ಲಕ್ಷ ಆಗಬೇಕು. ಮಾರಿದರೆ 6 ಲಕ್ಷದಲ್ಲಿ ಮುಗಿಯುವ ಕೆಲಸಕ್ಕೆ 10 ಲಕ್ಷ ಹೊಸ ಹಣ ಬೇಕು. ತಿಂಗಳಿಗೆ 25,000 ರೂಪಾಯಿ ಉಳಿಸುವವರಿಗೆ ಅದು 40 ತಿಂಗಳ ಮಾತು, ಅದೂ ಮಾರುಕಟ್ಟೆ ಅಲುಗಾಡದೆ ನಿಂತರೆ. ಆದ್ದರಿಂದ ಹೂಡಿಕೆ ಚಿಕ್ಕದಿದ್ದು ಉಳಿತಾಯ ದೊಡ್ಡದಿರುವ ಯುವಕ ಯುವತಿಯರಿಗೆ ಹೊಸ ಹಣವೊಂದೇ ಸಾಕು. ಐವತ್ತರ ಹತ್ತಿರ ಬಂದವರಿಗೆ ಅದರಿಂದ ಸ್ವಲ್ಪ ನೆರವು ಮಾತ್ರ ಸಿಗುತ್ತದೆ.

ಐದನೆಯ ಹೆಜ್ಜೆ: ಮಾರಲೇಬೇಕಾದಾಗ ಯಾವುದನ್ನು ಮಾರುವುದು

ಒಂದು ಫೋಲಿಯೊದಲ್ಲಿ ಅಥವಾ ಒಂದು ಡಿಮ್ಯಾಟ್ ಖಾತೆಯಲ್ಲಿ ಮೊದಲು ಕೊಂಡದ್ದೇ ಮೊದಲು ಮಾರಾಟವಾದಂತೆ ಲೆಕ್ಕ ಹಿಡಿಯಲಾಗುತ್ತದೆ. ನಿಮಗೆ ಬೇಕಾದ ಕಂತನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಹಾಗಾಗಿ ಹಳೆಯ ಫಂಡಿನಿಂದ ಮಾರಿದಾಗ ಅತಿ ಹೆಚ್ಚು ಲಾಭವಿರುವ ಯೂನಿಟ್‌ಗಳೇ ಮೊದಲು ಹೋಗುತ್ತವೆ. ಆದರೆ ಯಾವ ಫಂಡನ್ನು ಮಾರಬೇಕು ಎಂಬ ಆಯ್ಕೆ ನಿಮ್ಮದೇ. ಹನ್ನೆರಡು ತಿಂಗಳು ದಾಟಿರುವ, ಎಕ್ಸಿಟ್ ಲೋಡ್ ಇಲ್ಲದ, ಪ್ರತಿ ನೂರು ರೂಪಾಯಿಯಲ್ಲಿ ಕಡಿಮೆ ಲಾಭವಿರುವ, ಮತ್ತು ಹೇಗೂ ನಿಮಗೆ ಬೇಡವಾಗಿರುವ ಫಂಡಿನಿಂದ ಆರಂಭಿಸಬೇಕು. ತೆರಿಗೆ ಉಳಿತಾಯದ ಇಎಲ್‌ಎಸ್‌ಎಸ್ ಫಂಡಿನಲ್ಲಿ ಪ್ರತಿ ಕಂತಿಗೂ ಪ್ರತ್ಯೇಕವಾಗಿ ಮೂರು ವರ್ಷದ ಬೀಗವಿದೆ ಎಂಬುದನ್ನು ಮರೆಯಬಾರದು.

ಮಾರುಕಟ್ಟೆ ಕುಸಿದು, ಡೆಟ್ ಫಂಡ್ ಮಾರಿ ಷೇರು ಕೊಳ್ಳಬೇಕಾದ ಸಂದರ್ಭದಲ್ಲಿ ಶೇ 30ರ ದರ ಎಂದು ಹೆದರಿ ಹಿಂದೆ ಸರಿಯುವವರಿದ್ದಾರೆ. ತೆರಿಗೆ ಬೀಳುವುದು ಮಾರಿದ ಮೊತ್ತಕ್ಕಲ್ಲ, ಲಾಭಕ್ಕೆ. ಐದು ಲಕ್ಷದ ಡೆಟ್ ಯೂನಿಟ್‌ಗಳಲ್ಲಿ 40,000 ರೂಪಾಯಿ ಲಾಭವಿದ್ದರೆ ಶೇ 30ರ ದರದಲ್ಲೂ ತೆರಿಗೆ ಸೆಸ್ ಸೇರಿ 12,480 ರೂಪಾಯಿ ಮಾತ್ರ, ಅಂದರೆ ಸರಿಸಿದ ಹಣದ ಶೇ 2.5.

ನಷ್ಟದಲ್ಲಿರುವ ಹೂಡಿಕೆ ಇದ್ದರೆ ಅದೂ ಕೆಲಸಕ್ಕೆ ಬರುತ್ತದೆ. ಅಲ್ಪಾವಧಿ ನಷ್ಟವನ್ನು ಎರಡೂ ಬಗೆಯ ಬಂಡವಾಳ ಲಾಭದಿಂದ ಕಳೆಯಬಹುದು. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಿಂದ ಮಾತ್ರ. ಗಡುವಿನೊಳಗೆ ರಿಟರ್ನ್ಸ್ ಸಲ್ಲಿಸಿದರೆ ಉಳಿದ ನಷ್ಟವನ್ನು ಎಂಟು ವರ್ಷಗಳವರೆಗೆ ಮುಂದಕ್ಕೆ ಒಯ್ಯಬಹುದು. ಆದರೆ ಹೆಚ್ಚಿನವರು ಗಮನಿಸದ ಒಂದು ಸೂಕ್ಷ್ಮ ಇಲ್ಲಿದೆ. ವರ್ಷದ ನಷ್ಟವನ್ನು ಮೊದಲು ಲಾಭದಿಂದ ಕಳೆದು, ಉಳಿದದ್ದಕ್ಕೆ 1.25 ಲಕ್ಷದ ವಿನಾಯಿತಿ ಕೊಡಲಾಗುತ್ತದೆ. ನಿಮ್ಮ ದೀರ್ಘಾವಧಿ ಲಾಭ ಹೇಗೂ 1.25 ಲಕ್ಷದೊಳಗೆ ಇದ್ದು, ಬೇರೆ ಬಂಡವಾಳ ಲಾಭವೂ ಇಲ್ಲದ ವರ್ಷದಲ್ಲಿ ನಷ್ಟವನ್ನೂ ತೆಗೆದರೆ ಆ ನಷ್ಟ ತೆರಿಗೆ ಇಲ್ಲದ ಲಾಭವನ್ನು ತಿಂದು ವ್ಯರ್ಥವಾಗುತ್ತದೆ. ಅಂಥ ವರ್ಷದಲ್ಲಿ ನಷ್ಟದ ಫಂಡನ್ನು ಮುಟ್ಟದಿರುವುದೇ ಲೇಸು.

ಅಮೆರಿಕದಲ್ಲಿ ನಷ್ಟಕ್ಕೆ ಮಾರಿದ ಷೇರನ್ನು 30 ದಿನಗಳೊಳಗೆ ಮತ್ತೆ ಕೊಂಡರೆ ಆ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಕಾಯ್ದೆಯಲ್ಲಿ ಅಂಥ ದಿನಗಳ ನಿರ್ಬಂಧವಿಲ್ಲ. ಆದರೆ ಒಂದೇ ಡಿಮ್ಯಾಟ್ ಖಾತೆಯಲ್ಲಿ ಅದೇ ಷೇರನ್ನು ಅದೇ ದಿನ ಮಾರಿ ಕೊಂಡರೆ ಅದು ದಿನದೊಳಗಿನ ವಹಿವಾಟಾಗಿಬಿಡುತ್ತದೆ, ಉದ್ದೇಶ ಈಡೇರುವುದಿಲ್ಲ. ಒಂದು ದಿನ ಬಿಟ್ಟು ಕೊಳ್ಳಬೇಕು.

ಹಂಚಿಕೆ ಸರಿಯಾಗಿಯೇ ಇರುವ ವರ್ಷಗಳಲ್ಲಿ ಕೂಡ ಇದೇ ವಿನಾಯಿತಿಯನ್ನು ಬಳಸಿಕೊಳ್ಳಬಹುದು. 1.25 ಲಕ್ಷ ಲಾಭ ಬರುವಷ್ಟು ಹಳೆಯ ಯೂನಿಟ್ ಮಾರಿ ಮತ್ತೆ ಅದನ್ನೇ ಕೊಂಡರೆ ಕೊಂಡ ಬೆಲೆ ಮೇಲೇರುತ್ತದೆ, ಮುಂದೆ ಬೀಳಬಹುದಾಗಿದ್ದ 16,250 ರೂಪಾಯಿ ತೆರಿಗೆ ಉಳಿಯುತ್ತದೆ. ವಿನಾಯಿತಿಯನ್ನು ಮುಂದಿನ ವರ್ಷಕ್ಕೆ ಒಯ್ಯಲು ಬರುವುದಿಲ್ಲವಾದ್ದರಿಂದ ಬಿಟ್ಟರೆ ಅದು ಹೋದಂತೆಯೇ. ಹೊಸ ಯೂನಿಟ್‌ಗಳಿಗೆ ಹನ್ನೆರಡು ತಿಂಗಳ ಲೆಕ್ಕ ಮತ್ತು ಎಕ್ಸಿಟ್ ಲೋಡ್ ಹೊಸದಾಗಿ ಶುರುವಾಗುತ್ತವೆ. ವರ್ಷದೊಳಗೆ ಬೇಕಾಗುವ ಹಣದಲ್ಲಿ ಇದನ್ನು ಮಾಡಬಾರದು.

ಕುಟುಂಬದವರ ಖಾತೆಗಳು

1.25 ಲಕ್ಷದ ವಿನಾಯಿತಿ ಪ್ರತಿಯೊಬ್ಬರಿಗೂ ಪ್ರತ್ಯೇಕ. ಗಂಡ ಹೆಂಡತಿ ಇಬ್ಬರೂ ತಮ್ಮ ದುಡಿಮೆಯ ಹಣದಿಂದ ಹೂಡಿದ್ದರೆ, ಇಬ್ಬರ ಖಾತೆಯಿಂದಲೂ ಸ್ವಲ್ಪ ಸ್ವಲ್ಪ ಮಾರುವುದು ಒಳ್ಳೆಯದು. ಆದರೆ ತೆರಿಗೆ ಉಳಿಸಲೆಂದು ಹೆಂಡತಿಗೆ ಷೇರು ಉಡುಗೊರೆ ಕೊಟ್ಟರೆ ಅದರ ಲಾಭ ಗಂಡನ ಆದಾಯಕ್ಕೇ ಸೇರುತ್ತದೆ. ಹೆಂಡತಿ ಗಂಡನಿಗೆ ಕೊಟ್ಟರೂ ಹಾಗೆಯೇ. ತಂದೆ ತಾಯಿಗೆ ಅಥವಾ ವಯಸ್ಕ ಮಕ್ಕಳಿಗೆ ಕೊಟ್ಟದ್ದಕ್ಕೆ ಈ ನಿಯಮವಿಲ್ಲ. ಕೊಟ್ಟ ಮೇಲೆ ಆ ಹಣ ನಿಜವಾಗಿಯೂ ಅವರದು ಎಂಬ ತಿಳಿವಿನಿಂದ ಮಾತ್ರ ಕೊಡಬೇಕು.

ವಿದೇಶದಲ್ಲಿ ನೆಲೆಸಿ ಇಲ್ಲಿ ಫಂಡುಗಳನ್ನು ಹೊಂದಿರುವ ಕನ್ನಡಿಗರಿಗೆ ಎರಡು ಮಾತು. ಅನಿವಾಸಿಗಳು ಯೂನಿಟ್ ಮಾರಿದಾಗ ಫಂಡ್ ಸಂಸ್ಥೆಯೇ ಲಾಭದ ಮೇಲಿನ ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡುತ್ತದೆ, ಹೆಚ್ಚಾಗಿ ಕಡಿತವಾದದ್ದನ್ನು ಪಡೆಯಲು ಇಲ್ಲಿ ರಿಟರ್ನ್ಸ್ ಸಲ್ಲಿಸಬೇಕು. ಮೂಲ ವಿನಾಯಿತಿಯ ಉಳಿದ ಭಾಗವನ್ನು ಬಂಡವಾಳ ಲಾಭದ ಎದುರು ಬಳಸುವ ಅವಕಾಶವೂ ಅವರಿಗಿಲ್ಲ. ಅಮೆರಿಕದ ನಿವಾಸಿಗಳಿಗೆ ಭಾರತದ ಮ್ಯೂಚುವಲ್ ಫಂಡುಗಳ ಮೇಲೆ ಅಲ್ಲಿನ ಕಾನೂನಿನಲ್ಲಿ ಕಠಿಣ ನಿಯಮಗಳಿವೆ; ಅಲ್ಲಿನ ತೆರಿಗೆ ಸಲಹೆಗಾರರನ್ನು ಕೇಳದೆ ಮಾರುವುದಾಗಲಿ ಕೊಳ್ಳುವುದಾಗಲಿ ಬೇಡ.

ಕೊನೆಯ ಹೆಜ್ಜೆ: ಮಾರಿದ ಮೇಲಿನ ಕೆಲಸ

ಮುಂದಿನ ಸಲ ಮಾರುವ ಅಗತ್ಯವೇ ಕಡಿಮೆಯಾಗುವಂತೆ ಹಣವನ್ನು ಇಡುವ ಜಾಗ ಆರಿಸಬೇಕು. ಸಾಲಪತ್ರದ ಪಾಲನ್ನು ಆದಷ್ಟು ಪಿಪಿಎಫ್ ಮತ್ತು ಭವಿಷ್ಯ ನಿಧಿಯಲ್ಲಿ ತುಂಬಬೇಕು, ಏಕೆಂದರೆ ಅಲ್ಲಿನ ಬಡ್ಡಿಗೆ ತೆರಿಗೆಯಿಲ್ಲ. ಪಿಪಿಎಫ್‌ಗೆ ವರ್ಷಕ್ಕೆ 1.5 ಲಕ್ಷದ ಮಿತಿಯಿದೆ. ಭವಿಷ್ಯ ನಿಧಿಗೆ ನೌಕರರು ವರ್ಷಕ್ಕೆ 2.5 ಲಕ್ಷಕ್ಕಿಂತ ಹೆಚ್ಚು ಹಾಕಿದರೆ ಹೆಚ್ಚುವರಿಯ ಬಡ್ಡಿ ತೆರಿಗೆಗೆ ಒಳಪಡುತ್ತದೆ. ತುರ್ತಿಗೆ ಬೇಕಾಗುವ ಹಣವನ್ನು ಮಾತ್ರ ಇವುಗಳಲ್ಲಿ ಇಡಬಾರದು. ಷೇರು ಮತ್ತು ಸಾಲಪತ್ರದ ಪಾಲನ್ನು ತಾನೇ ಬದಲಿಸಿಕೊಳ್ಳುವ ಹೈಬ್ರಿಡ್ ಫಂಡುಗಳೂ ಒಂದು ದಾರಿ. ಫಂಡಿನ ಒಳಗೆ ನಡೆಯುವ ಕೊಡುಕೊಳ್ಳುವಿಕೆಗೆ ಹೂಡಿಕೆದಾರರ ಮೇಲೆ ತೆರಿಗೆ ಬೀಳುವುದಿಲ್ಲ. ಆದರೆ ಅಲ್ಲಿ ಹಂಚಿಕೆಯ ನಿರ್ಧಾರ ಫಂಡ್ ನಡೆಸುವವರದು, ನಿಮ್ಮ ಗುರಿಗೆ ಅದು ಹೊಂದದೆ ಇರಬಹುದು.

ವರ್ಷದ ಒಟ್ಟು ತೆರಿಗೆಯಲ್ಲಿ ಮೂಲದಲ್ಲಿ ಕಡಿತವಾದದ್ದನ್ನು ಬಿಟ್ಟು 10,000 ರೂಪಾಯಿ ಅಥವಾ ಹೆಚ್ಚು ಬಾಕಿಯಾಗುವುದಾದರೆ ಮುಂಗಡ ತೆರಿಗೆ ಕಟ್ಟಬೇಕು. ಅದರ ದಿನಗಳು ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15 ಮತ್ತು ಮಾರ್ಚ್ 15. ಬಂಡವಾಳ ಲಾಭ ಯಾವಾಗ ಬರುತ್ತದೆಂದು ಮೊದಲೇ ಹೇಳಲಾಗದ ಕಾರಣ, ಲಾಭ ಬಂದ ನಂತರದ ಕಂತುಗಳಲ್ಲಿ ಕಟ್ಟಿದರೆ ಹಿಂದಿನ ಕಂತಿನ ಬಡ್ಡಿ ಬೀಳುವುದಿಲ್ಲ. ಮಾರ್ಚ್ 15ರ ನಂತರ ಬಂದ ಲಾಭದ ತೆರಿಗೆಯನ್ನು ಮಾರ್ಚ್ 31ರೊಳಗೆ ಕಟ್ಟಿದರೆ ಸಾಕು. ವ್ಯಾಪಾರ, ವೃತ್ತಿಯ ಆದಾಯವಿಲ್ಲದ 60 ದಾಟಿದ ಹಿರಿಯರಿಗೆ ಮುಂಗಡ ತೆರಿಗೆಯಿಂದ ವಿನಾಯಿತಿ ಇದೆ.

ಮಾರಿದ ದಿನವೇ ಬಂಡವಾಳ ಲಾಭದ ಹೇಳಿಕೆಯನ್ನು ಇಳಿಸಿಕೊಂಡು, ಮೊದಲ ಹೆಜ್ಜೆಯಲ್ಲಿ ಮಾಡಿದ ಹಾಳೆಯ ಪಕ್ಕದಲ್ಲಿ ಆ ವರ್ಷದ 1.25 ಲಕ್ಷದಲ್ಲಿ ಎಷ್ಟು ಬಳಕೆಯಾಯಿತು, ಎಷ್ಟು ಉಳಿದಿದೆ ಎಂದು ಬರೆದಿಡಬೇಕು. ರಿಟರ್ನ್ಸ್ ತುಂಬುವಾಗ ಇಲಾಖೆಯ ವಾರ್ಷಿಕ ಮಾಹಿತಿ ಹೇಳಿಕೆಯಲ್ಲಿರುವ ಅಂಕಿಗಳನ್ನು ಇದರೊಂದಿಗೆ ತಾಳೆ ನೋಡಬೇಕು. ಕೊಂಡ ಬೆಲೆ ಅಲ್ಲಿ ಖಾಲಿ ಇದ್ದರೆ ಅಥವಾ ತಪ್ಪಾಗಿದ್ದರೆ ನಿಮ್ಮ ಹಾಳೆಯೇ ಆಧಾರ.